ಮನೆಗೆ, ಮಕ್ಕಳ ಓದಿಗೆ ರಿಫರ್ಬಿಶ್ಡ್ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರಲ್ಲಿ ಯಾರ ಮನೆಯ ಮಗು ಎಸ್ಸೆಸ್ಸೆಲ್ಸಿ ಮುಗಿಸಿದರೂ ಫೋನು ಬರುವುದು ನನಗೆ. "ಭಾವ, ಇಪ್ಪತ್ತು ಸಾವಿರದೊಳಗೆ ಒಂದು ಲ್ಯಾಪ್‌ಟಾಪ್ ಕೊಡಿಸಿ." ಹೀಗೆ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಓಡಾಡಿ ಓಡಾಡಿ, ಒಂದೆರಡು ಸಲ ಟೋಪಿ ಹಾಕಿಸಿಕೊಂಡು, ಈಗ ಸ್ವಲ್ಪ ಕಣ್ಣು ಪಳಗಿದೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಬೆಲೆ ತಿಂಗಳು ತಿಂಗಳಿಗೆ ಏರಿಳಿಯುತ್ತೆ. ಹಾಗಾಗಿ ಅದರ ಮಾತು ಕಡಿಮೆ, ಯಂತ್ರವನ್ನು ನೋಡುವುದು ಹೇಗೆ ಅನ್ನುವುದೇ ಜಾಸ್ತಿ.

ಸೆಕೆಂಡ್ ಹ್ಯಾಂಡ್ ಅಂದರೂ ರಿಫರ್ಬಿಶ್ಡ್ ಅಂದರೂ ಒಂದೇ ಅಲ್ವಾ?

ಎರಡೂ ಬೇರೆಯವರು ಬಳಸಿದ್ದೇ. ಸೆಕೆಂಡ್ ಹ್ಯಾಂಡ್ ಅಂದರೆ ಇದ್ದದ್ದು ಇದ್ದ ಹಾಗೆ ಕೈ ಬದಲಾಯಿಸಿದ್ದು. ರಿಫರ್ಬಿಶ್ಡ್ ಅಂದರೆ ನಡುವೆ ಒಬ್ಬರು ಅದನ್ನು ಬಿಚ್ಚಿ, ಧೂಳು ತೆಗೆದು, ಕೆಟ್ಟದ್ದನ್ನು ಬದಲಾಯಿಸಿ, ಪರೀಕ್ಷೆ ಮಾಡಿ, ಇಷ್ಟು ತಿಂಗಳು ವಾರಂಟಿ ಅಂತ ಬರೆದುಕೊಟ್ಟು ಮಾರಿದ್ದು. ಲೆಕ್ಕಕ್ಕೆ ಹೀಗೆ. ಬಟ್ಟೆಯಲ್ಲಿ ಒರೆಸಿ, ಮುಚ್ಚಳಕ್ಕೆ ಹೊಸ ಸ್ಟಿಕ್ಕರ್ ಅಂಟಿಸಿ ರಿಫರ್ಬಿಶ್ಡ್ ಅನ್ನುವವರೂ ಇದ್ದಾರೆ.

"ಇದರಲ್ಲಿ ಏನೇನು ಬದಲಾಯಿಸಿದ್ದೀರಿ?" ಅಂತ ಕೇಳಿ. "ಬ್ಯಾಟರಿ ಹೊಸದು, ಎಸ್‌ಎಸ್‌ಡಿ ಹೊಸದು, ಪೇಸ್ಟ್ ಬದಲಾಯಿಸಿದೀವಿ" ಅಂತ ತಟ್ಟನೆ ಉತ್ತರ ಬಂದರೆ ಯಾರೋ ಅದನ್ನು ಬಿಚ್ಚಿ ನೋಡಿದ್ದಾರೆ. (ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದ, ವೇಗದ ಸಂಗ್ರಹ. ಪೇಸ್ಟ್ ಅಂದರೆ ಪ್ರೊಸೆಸರಿನ ಬಿಸಿ ಹೊರಹೋಗಲು ಹಚ್ಚುವ ಲೇಪ.) "ಕಂಡೀಷನ್ ಸೂಪರ್ ಸಾರ್" ಅಂದರೆ ಒರೆಸಿದ್ದಾರೆ ಅಷ್ಟೇ. ಎ ಗ್ರೇಡ್, ಬಿ ಗ್ರೇಡ್ ಅನ್ನುವುದು ಬಹುಮಟ್ಟಿಗೆ ಹೊರಮೈ ಗೀರಿನ ಲೆಕ್ಕ. ಅದಕ್ಕೂ ಅಂಗಡಿಗೊಂದು ಅಳತೆ.

ಇಷ್ಟೊಂದು ಹಳೇ ಲ್ಯಾಪ್‌ಟಾಪ್ ಎಲ್ಲಿಂದ ಬರುತ್ತೆ? ಕದ್ದ ಮಾಲಾ?

ಬಹುಪಾಲು ಕಂಪನಿಗಳಿಂದ. ದೊಡ್ಡ ಆಫೀಸುಗಳು ಲ್ಯಾಪ್‌ಟಾಪ್‌ಗಳನ್ನು ಲೀಸಿಗೆ ತೆಗೆದುಕೊಳ್ಳುತ್ತವೆ, ಇಲ್ಲವೇ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುತ್ತವೆ. ಹಳೆಯವು ನೂರು, ಇನ್ನೂರರ ಲಾಟಿನಲ್ಲಿ ಹೊರಗೆ ಬರುತ್ತವೆ. ಅದಕ್ಕೇ ಅಂಗಡಿಯಲ್ಲಿ ಒಂದೇ ಮಾಡೆಲ್ ಇಟ್ಟಿಗೆ ಜೋಡಿಸಿದ ಹಾಗೆ ಪೇರಿಸಿರುತ್ತಾರೆ. ಹಾಗೆ ಪೇರಿಸಿದ್ದರೆ ನನಗೆ ಒಂಥರಾ ಸಮಾಧಾನ. ಇದು ಲಾಟಿನ ಮಾಲು, ಒಂದು ಇಷ್ಟವಾಗದಿದ್ದರೆ ಇನ್ನೊಂದು ತೆಗೆಸಬಹುದು.

ಬಿಲ್ಲೂ ಇಲ್ಲದೆ, ಚಾರ್ಜರೂ ಇಲ್ಲದೆ, ಹೊಚ್ಚ ಹೊಸ ದುಬಾರಿ ಮಾಡೆಲ್ ಒಂದೇ ಒಂದು ಅರ್ಧ ಬೆಲೆಗೆ ಸಿಗುತ್ತಿದ್ದರೆ ಮುಟ್ಟಬೇಡಿ.

ಅದೇ ದುಡ್ಡಿಗೆ ಆನ್‌ಲೈನಿನಲ್ಲಿ ಹೊಸದೇ ಸಿಗುತ್ತಲ್ಲ?

ಸಿಗುತ್ತೆ. ಪೆಟ್ಟಿಗೆ ಹೊಸದು, ವಾಸನೆ ಹೊಸದು. ಒಳಗೆ ನೋಡಿದರೆ ಸೆಲೆರಾನ್ ಅನ್ನುವ ಕಡಿಮೆ ಶಕ್ತಿಯ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ. ಇಎಂಎಂಸಿ ಅಂದರೆ ಬೋರ್ಡಿಗೇ ಬೆಸುಗೆ ಹಾಕಿದ ಸಂಗ್ರಹ, ಎಸ್‌ಎಸ್‌ಡಿಗಿಂತ ನಿಧಾನ. ತುಂಬಿದರೆ ಬದಲಾಯಿಸಲು ಬರುವುದಿಲ್ಲ. ವಿಂಡೋಸ್ ಒಂದೇ ಅದರಲ್ಲಿ ಬಹಳಷ್ಟು ಜಾಗ ತಿನ್ನುತ್ತೆ.

ಅದೇ ಬೆಲೆಗೆ ಸಿಗುವ ಆಫೀಸಿನ ಹಳೇ ಲ್ಯಾಪ್‌ಟಾಪ್ ಹೊಸದಾಗಿದ್ದಾಗ ಅದರ ಮೂರು ನಾಲ್ಕು ಪಟ್ಟು ಬೆಲೆಯದ್ದು. ಕೀಬೋರ್ಡು ಗಟ್ಟಿ, ಕೀಲು ಗಟ್ಟಿ, ಬಿಚ್ಚಿ ರಿಪೇರಿ ಮಾಡಲು ಬರುತ್ತೆ, ಬಿಡಿಭಾಗ ಸಿಗುತ್ತೆ. ಸೊಗಸು ಕಡಿಮೆ, ಎಲ್ಲವೂ ಕಪ್ಪು ಇಲ್ಲವೇ ಬೂದು. ಮಕ್ಕಳು ಮೊದಲ ದಿನ ಮುಖ ಊದಿಸಿಕೊಳ್ಳುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಕೈಯಲ್ಲಿ ನಲವತ್ತೈದು ಐವತ್ತು ಸಾವಿರ ಇದ್ದರೆ ಮಾತು ಬೇರೆ, ಹೊಸದನ್ನೇ ತೆಗೆದುಕೊಳ್ಳಿ.

"ಐ7 ಸಾರ್, ಹದಿಮೂರೇ ಸಾವಿರ" ಅಂತಿದ್ದಾರೆ. ತಗೊಳ್ಳಲಾ?

ಇಲ್ಲೇ ಜಾಸ್ತಿ ಜನ ಎಡವುವುದು. ಐ5, ಐ7 ಅನ್ನುವುದು ಇಂಟೆಲ್ ಪ್ರೊಸೆಸರಿನ ಬರೀ ದರ್ಜೆ. ನೋಡಬೇಕಾದ್ದು ತಲೆಮಾರು, ಅಂಗಡಿಯವರ ಮಾತಿನಲ್ಲಿ "ಜನರೇಷನ್".

ಗುರುತಿಸುವುದು ಸುಲಭ. ಐ5 ಆದ ಮೇಲೆ ಒಂದು ಅಡ್ಡಗೆರೆ, ಆಮೇಲೆ ಒಂದು ಸಂಖ್ಯೆ ಇರುತ್ತೆ. ಐ5-8250ಯು ಅಂದರೆ ಎಂಟನೇ ತಲೆಮಾರು. ಐ7-4600ಯು ಅಂದರೆ ನಾಲ್ಕನೆಯದು. ಹತ್ತರಿಂದ ಮೇಲೆ ಮೊದಲ ಎರಡು ಅಂಕಿ ನೋಡಬೇಕು: 10210ಯು ಅಂದರೆ ಹತ್ತನೆಯದು. ಆ ಐ7-4600ಯು ಬಂದದ್ದು 2013ರಲ್ಲಿ, ಅದರಲ್ಲಿ ಇರುವುದು ಎರಡೇ ಕೋರ್, ಅಂದರೆ ಕೆಲಸ ಮಾಡುವ ಘಟಕ. 2017ರಲ್ಲಿ ಬಂದ ಐ5-8250ಯು ಒಳಗೆ ನಾಲ್ಕು. ಹೆಸರಿಗೆ ಐ7 ದೊಡ್ಡದು, ಕೆಲಸಕ್ಕೆ ಈ ಐ5 ದೊಡ್ಡದು. ಕನಿಷ್ಠ ಎಂಟನೇ ತಲೆಮಾರಿನದನ್ನು ಕೇಳಿ.

ಸ್ಟಿಕ್ಕರನ್ನು ನಂಬಬೇಡಿ, ಅದು ಬಿಡಿಯಾಗಿಯೂ ಸಿಗುತ್ತೆ. ಯಂತ್ರ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ಹೆಸರು ಪೂರ್ತಿ ಬರೆದಿರುತ್ತೆ.

ಎಂಟನೇ ತಲೆಮಾರೇ ಯಾಕೆ?

ವಿಂಡೋಸ್ 11ರ ಕಾರಣಕ್ಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲೆ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಎಎಂಡಿ ರೈಜನ್ ಆದರೆ 3000 ಸರಣಿಯಿಂದ ಮೇಲೆ ನೋಡಿ.

ಇದರಿಂದ ಆದದ್ದೇನೆಂದರೆ ಆರು, ಏಳನೇ ತಲೆಮಾರಿನ ಯಂತ್ರಗಳು ರಾಶಿ ರಾಶಿಯಾಗಿ ಅಗ್ಗಕ್ಕೆ ಬಂದವು. ಅಂಗಡಿಯವರು ಅವಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಕೊಡುತ್ತಾರೆ. ಓಡುತ್ತೆ ಸರಿ, ಮುಂದಿನ ದೊಡ್ಡ ಅಪ್‌ಡೇಟಿಗೆ ನಿಂತರೆ ಕೇಳುವವರಿಲ್ಲ. ವಿಂಡೋಸ್ ಬೇಕೇ ಬೇಕು ಅನ್ನುವವರು ಎಂಟರ ಕೆಳಗೆ ಇಳಿಯಬೇಡಿ. ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಆದರೆ ಆರನೆಯದೂ ಆದೀತು.

ರ್‍ಯಾಮ್ ಎಷ್ಟು, ಸ್ಟೋರೇಜ್ ಎಷ್ಟು?

8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ಮನೆಗೆ, ಓದಿಗೆ ಇಷ್ಟು ಸಾಕು. "500 ಜಿಬಿ ಹಾರ್ಡ್ ಡಿಸ್ಕ್ ಇದೆ, ಜಾಸ್ತಿ ಅಲ್ವಾ" ಅಂದರೆ, ಜಾಸ್ತಿ ಹೌದು, ಆದರೆ ಆನ್ ಮಾಡಿ ಕಾಫಿ ಕುಡಿದು ಬರಬೇಕು. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ಇವತ್ತಿನ ವಿಂಡೋಸ್ ಓಡಿಸುವುದು ಎತ್ತಿನ ಗಾಡಿಗೆ ಹೆದ್ದಾರಿ ಟೋಲ್ ಕಟ್ಟಿದ ಹಾಗೆ.

ರ್‍ಯಾಮ್ ಮುಂದೆ ಸೇರಿಸಬಹುದೇ ಅಂತ ಈಗಲೇ ಕೇಳಿ. ತೆಳು ಮಾಡೆಲ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಅಂಟಿರುತ್ತೆ, ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಹಾಗೆ. ಆಗ 8 ಅಂದರೆ ಕೊನೆಯವರೆಗೂ 8.

ಕಣ್ಣು ಮುಚ್ಚಿ ತಗೊಳ್ಳಬಹುದಾದ ಮಾಡೆಲ್ ಯಾವುದಾದ್ರೂ ಇದೆಯಾ?

ಕಣ್ಣು ಮುಚ್ಚಿ ಬೇಡ. ನಾನು ಮೊದಲು ಕೇಳುವುದು ಮೂರು: ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೀಟ್‌ಬುಕ್ 840 ಜಿ5. ಮೂರೂ 2018ರವು. ಮೂರರಲ್ಲೂ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಐ5 ಇರುತ್ತೆ. ಮೂರಕ್ಕೂ ಎರಡೆರಡು ರ್‍ಯಾಮ್ ಕಿಂಡಿ, ಕೆಳಗಿನ ಮುಚ್ಚಳ ಸ್ಕ್ರೂ ಬಿಚ್ಚಿದರೆ ಬರುತ್ತೆ. ಟಿ480ಯಲ್ಲಿ ಎರಡು ಬ್ಯಾಟರಿ, ಒಂದು ಒಳಗೆ, ಒಂದು ಹಿಂದಿನಿಂದ ಕಳಚುವಂಥದ್ದು. ಕರೆಂಟು ಹೋಗಿ ಬಂದು ಮಾಡುವ ಊರಿಗೆ ಇದೇ ನನ್ನ ಆಯ್ಕೆ.

ಒಂದು ಎಚ್ಚರ. ಇದೇ ಮಾಡೆಲ್‌ಗಳಲ್ಲಿ ಕೆಲವಕ್ಕೆ 1366×768 ಪರದೆಯ ಅಗ್ಗದ ಆವೃತ್ತಿಯೂ ಇರುತ್ತೆ. ಅಕ್ಷರ ಒರಟಾಗಿ ಕಾಣುತ್ತೆ, ಪುಟದಲ್ಲಿ ನಾಲ್ಕು ಸಾಲು ಕಡಿಮೆ. ಓದುವ ಮಗುವಿಗೆ 1920×1080 ಇರುವುದನ್ನೇ ಕೇಳಿ.

ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ?

ಮನೆಯಲ್ಲೇ ಇರುತ್ತೆ, ಅಣ್ಣ ತಂಗಿ ಇಬ್ಬರೂ ಬಳಸುತ್ತಾರೆ ಅಂದರೆ ಡೆಸ್ಕ್‌ಟಾಪ್ ವಾಸಿ. ದುಡ್ಡಿಗೆ ಜಾಸ್ತಿ ಶಕ್ತಿ, ದೊಡ್ಡ ಪರದೆ. ಮಗು ಏನು ನೋಡುತ್ತಿದೆ ಅನ್ನುವುದು ಹಾಲ್‌ನಲ್ಲಿ ಕೂತ ಎಲ್ಲರಿಗೂ ಕಾಣುತ್ತೆ, ಅದೂ ಒಂದು ಲಾಭ. ಈಗ ಟಿಫಿನ್ ಕ್ಯಾರಿಯರ್‌ಗಿಂತ ಚಿಕ್ಕ ಡೆಸ್ಕ್‌ಟಾಪ್‌ಗಳೂ ರಿಫರ್ಬಿಶ್ಡ್ ಸಿಗುತ್ತವೆ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಮಿನಿ. ಕೊಳ್ಳುವಾಗ ಯುಪಿಎಸ್, ವೆಬ್‌ಕ್ಯಾಮ್, ಸ್ಪೀಕರ್, ವೈಫೈ ಇದೆಯೋ ಇಲ್ಲವೋ ಲೆಕ್ಕಕ್ಕೆ ಹಿಡಿಯಿರಿ. ಆಫೀಸಿನ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ವೈಫೈ ಇರುವುದೇ ಇಲ್ಲ.

ಹಾಸ್ಟೆಲ್ಲು, ಇಂಜಿನಿಯರಿಂಗು ಅಂದರೆ ಲ್ಯಾಪ್‌ಟಾಪೇ.

ಅಂಗಡಿಯಲ್ಲಿ ಏನೇನು ನೋಡಬೇಕು?

ಮೊದಲು ಟೈಮ್ ಇಟ್ಟುಕೊಂಡು ಹೋಗಿ. ಎಸ್.ಪಿ. ರೋಡಿನಲ್ಲಿ ಭಾನುವಾರ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಅಂಗಡಿಯವರಿಗೂ ಪುರುಸೊತ್ತು. ರಸ್ತೆ ಬಾಯಲ್ಲೇ "ಏನ್ ಬೇಕು ಸಾರ್, ಲ್ಯಾಪ್‌ಟಾಪಾ, ಸರ್ವೀಸಾ" ಅಂತ ಹುಡುಗರು ಕೈ ಹಿಡಿಯುತ್ತಾರೆ. ನಕ್ಕು ಮುಂದೆ ಹೋಗಿ. ಅವರ ಕಮಿಷನ್ನೂ ನಿಮ್ಮ ಬಿಲ್ಲಿನಲ್ಲೇ ಸೇರುತ್ತೆ.

ಯಂತ್ರ ಕೈಗೆ ಬಂದ ಮೇಲೆ ಕನಿಷ್ಠ ಅರ್ಧ ಗಂಟೆ ನಿಮ್ಮದು. ಮುಚ್ಚಳವನ್ನು ಒಂದೇ ಬೆರಳಲ್ಲಿ ನಿಧಾನಕ್ಕೆ ಎತ್ತಿ. ಕೀಲು ಕಟಕಟ ಅಂದರೆ, ಮೂಲೆ ಬಾಯಿ ಬಿಟ್ಟರೆ ಬೇಡ. ಆಮೇಲೆ ನೋಟ್‌ಪ್ಯಾಡ್ ತೆರೆದು ಪ್ರತಿ ಕೀಲಿಯನ್ನೂ ಒತ್ತಿ, ಒಂದೂ ಬಿಡಬೇಡಿ. ನಾನು ಎಡ ಮೇಲಿನ ಮೂಲೆಯಿಂದ ಸಾಲು ಸಾಲಾಗಿ ಬರುತ್ತೇನೆ. ಒಂದು ಸಲ ಎಲ್ಲ ಸರಿ ಇತ್ತು, ಬಲಗಡೆಯ ಶಿಫ್ಟ್ ಮಾತ್ರ ಸತ್ತಿತ್ತು. ಅಂಗಡಿಯವನು "ಎಡಗಡೇದು ಇದೆಯಲ್ಲ ಸಾರ್" ಅಂದ.

ಪರದೆಗೆ ಪೂರ್ತಿ ಬಿಳಿ ಚಿತ್ರ ಹಾಕಿಸಿ. ಹಳದಿ ಮಚ್ಚೆ, ಒತ್ತಿದ ಗುರುತು ಕಾಣುತ್ತೆ. ಪೂರ್ತಿ ಕಪ್ಪು ಹಾಕಿಸಿ, ಅಂಚಿನಲ್ಲಿ ಬೆಳಕು ಸೋರುತ್ತಿದ್ದರೆ ಗೊತ್ತಾಗುತ್ತೆ. ನಿಮ್ಮ ಪೆನ್‌ಡ್ರೈವನ್ನು ಪ್ರತಿ ಯುಎಸ್‌ಬಿ ಕಿಂಡಿಗೂ ಹಾಕಿ ತೆಗೆಯಿರಿ. ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ವೈಫೈ ಜೋಡಿಸಿ ಹತ್ತು ನಿಮಿಷ ವಿಡಿಯೊ ಓಡಿಸಿ. ಸ್ಪೀಕರ್, ವೈಫೈ, ಫ್ಯಾನಿನ ಸದ್ದು, ಬಿಸಿ ನಾಲ್ಕೂ ಅದರಲ್ಲೇ ಗೊತ್ತಾಗುತ್ತವೆ. ಕ್ಯಾಮೆರಾ ತೆರೆದು ಮೈಕಿನಲ್ಲಿ ಎರಡು ಮಾತು ರೆಕಾರ್ಡ್ ಮಾಡಿ. ಆನ್‌ಲೈನ್ ಕ್ಲಾಸಿಗೆ ಇದೇ ಮುಖ್ಯ, ಎಲ್ಲರೂ ಮರೆಯುವುದೂ ಇದನ್ನೇ.

ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ತಂತ್ರಾಂಶ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಡಿಸ್ಕ್ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಶೇಕಡ ಅಂತ ಸಾಮಾನ್ಯವಾಗಿ ತೋರಿಸುತ್ತೆ. "ಹೊಸ ಎಸ್‌ಎಸ್‌ಡಿ" ಅಂದದ್ದು ಹತ್ತು ಸಾವಿರ ಗಂಟೆ ಓಡಿದ್ದರೆ ಬೆಲೆ ಮಾತಾಡಲು ಒಳ್ಳೇ ಸಮಯ.

ಬ್ಯಾಟರಿ ಚೆನ್ನಾಗಿದೆ ಅಂತ ಹೇಗೆ ತಿಳಿಯೋದು?

"ಮೂರು ಗಂಟೆ ಬರುತ್ತೆ ಸಾರ್" ಅನ್ನುವ ಮಾತನ್ನು ಪಕ್ಕಕ್ಕಿಡಿ. ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ಪವರ್ ಅಂತ ಹೊಡೆದು ಅದಕ್ಕೇ ಅಂಟಿಸಿ ಸಿ, ಎಫ್, ಜಿ ಸೇರಿಸಿ. ಒಂದು ಸ್ಪೇಸ್, ಒಂದು ಓರೆಗೆರೆ (/), ಆಮೇಲೆ ಬ್ಯಾಟರಿ ರಿಪೋರ್ಟ್ ಅಂತ ಒಂದೇ ಪದವಾಗಿ. ಎಂಟರ್ ಒತ್ತಿದರೆ ಒಂದು ವರದಿ ತಯಾರಾಗಿ, ಅದು ಎಲ್ಲಿ ಉಳಿದಿದೆ ಅಂತಲೂ ತೋರಿಸುತ್ತೆ. ಅದರಲ್ಲಿ ಎರಡು ಸಂಖ್ಯೆ ನೋಡಿ: ಹೊಸದಾಗಿದ್ದಾಗಿನ ಸಾಮರ್ಥ್ಯ, ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ. ಮೊದಲಿನದು 50,000, ಈಗಿನದು 35,000 ಅಂದರೆ ಶೇಕಡ 70 ಉಳಿದಿದೆ. ನನ್ನ ಲೆಕ್ಕದಲ್ಲಿ 70ರ ಮೇಲೆ ಪಾಸು. 50ರ ಕೆಳಗಾದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಇಳಿಸಲಿ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಭಾಗ ಉಬ್ಬಿದ್ದರೆ ಬ್ಯಾಟರಿ ಊದಿದೆ. ಅದನ್ನು ವಾಪಸ್ ಟೇಬಲ್ಲಿನ ಮೇಲಿಟ್ಟು ಬನ್ನಿ.

ಲಾಕ್ ಆಗಿರೋ ಲ್ಯಾಪ್‌ಟಾಪ್ ಅಂದರೆ ಏನು?

ಇದು ನನ್ನ ತಲೆಗೇ ಬಿದ್ದ ಪೆಟ್ಟು. ತಂಗಿ ಮಗಳಿಗೆ ಅಂತ ಒಂದು ಚಂದದ ಲ್ಯಾಪ್‌ಟಾಪ್ ತಂದೆ. ಕೀಬೋರ್ಡು, ಪರದೆ, ಬ್ಯಾಟರಿ ಎಲ್ಲ ನೋಡಿದ್ದೆ. ಎರಡು ತಿಂಗಳಾದ ಮೇಲೆ ಅವಳು ಏನೋ ನಿಧಾನ ಆಯ್ತು ಅಂತ ರೀಸೆಟ್ ಮಾಡಿದಳು. ಸಂಜೆ ಫೋನು: "ಮಾವ, ಇದ್ಯಾವುದೋ ಆಫೀಸಿನ ಹೆಸರು ಬರ್ತಿದೆ, ಅವರ ಇಮೇಲ್ ಕೇಳ್ತಿದೆ."

ಆದದ್ದಿಷ್ಟು. ಆ ಯಂತ್ರ ಹಳೇ ಕಂಪನಿಯ ಪಟ್ಟಿಯಲ್ಲಿ ಇನ್ನೂ ಇತ್ತು. ಮೈಕ್ರೋಸಾಫ್ಟಿನ ಆಟೋಪೈಲಟ್ ಅನ್ನುವ ವ್ಯವಸ್ಥೆಯಲ್ಲಿ ಕಂಪನಿಯವರು ತಮ್ಮ ಯಂತ್ರಗಳನ್ನು ನೋಂದಾಯಿಸಿರುತ್ತಾರೆ. ಮಾರುವಾಗ ತೆಗೆಸಬೇಕು, ಕೆಲವರು ಮರೆಯುತ್ತಾರೆ. ಅಂಗಡಿಯವರು ಇಂಟರ್ನೆಟ್ ಜೋಡಿಸದೆ ವಿಂಡೋಸ್ ಹಾಕಿದ್ದರು, ಅದಕ್ಕೇ ಗೊತ್ತಾಗಲಿಲ್ಲ. ರೀಸೆಟ್ ಆದ ಮೇಲೆ ವೈಫೈ ಸಿಕ್ಕಿದ್ದೇ ಯಂತ್ರ ತನ್ನ ಹಳೇ ಯಜಮಾನನನ್ನು ಹುಡುಕಿತು. ವಾರಂಟಿ ಮುಗಿದಿತ್ತು. ಮೂರು ಸಲ ಓಡಾಡಿ, ಜಗಳ ಆಡಿ, ಮೇಲೆ ದುಡ್ಡು ಕೊಟ್ಟು ಬದಲಾಯಿಸಿಕೊಂಡೆ.

ಅದಕ್ಕೇ ಈಗ ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ರೀಸೆಟ್ ಮಾಡಿಸುತ್ತೇನೆ, ಹಾಟ್‌ಸ್ಪಾಟ್ ಕೊಟ್ಟು ಮೊದಲಿನಿಂದ ಸೆಟಪ್ ಮಾಡಿಸುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತೆ. ಅಷ್ಟರಲ್ಲಿ ಪಕ್ಕದ ದರ್ಶಿನಿಯಲ್ಲಿ ಊಟವೂ ಆಗುತ್ತೆ. ಜೊತೆಗೆ ಬಯೋಸ್ (ವಿಂಡೋಸಿಗೂ ಮುಂಚೆ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಕೇಳಿದರೆ ಅವರೇ ತೆಗೆದುಕೊಡಲಿ.

ಹಳೇ ಮ್ಯಾಕ್‌ಬುಕ್ ತಗೊಳ್ಳಬಹುದಾ?

ಇಂಟೆಲ್ ಚಿಪ್ಪಿನದು ಬೇಡ, ಆಪಲ್ ಅವಕ್ಕೆ ಹೊಸ ಮ್ಯಾಕ್‌ಒಎಸ್ ಕೊಡುವುದನ್ನು ನಿಲ್ಲಿಸುತ್ತಾ ಬಂದಿದೆ. 2020ರ ಕೊನೆಗೆ ಬಂದ ಎಂ1 ಏರ್ ಚೆನ್ನಾಗಿದೆ, ಬಜೆಟ್ ಇದ್ದರೆ. ಯಂತ್ರವನ್ನು ಹಳೇ ಯಜಮಾನನ ಆಪಲ್ ಖಾತೆಗೆ ಕಟ್ಟಿಹಾಕುವ ಆಕ್ಟಿವೇಷನ್ ಲಾಕ್ ತೆಗೆದಿದ್ದಾರೆಯೇ ಅಂತ ಮೊದಲು ನೋಡಿ.

ಒಳಗಿರೋ ವಿಂಡೋಸ್ ಅಸಲಿನಾ?

ಕಂಪನಿಗೆ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ವಿಂಡೋಸ್ ಪ್ರೊ ಲೈಸೆನ್ಸ್ ಬೋರ್ಡಿನಲ್ಲೇ ಕೂತಿರುತ್ತೆ. ಸರಿಯಾದ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತೆ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ಅಂತ ಹೋಗಿ ನೋಡಿ. ವಿಚಿತ್ರ ಅಂದರೆ, ಅಸಲಿ ಲೈಸೆನ್ಸ್ ಇರುವ ಯಂತ್ರಕ್ಕೂ ಕೆಲವರು ಅಭ್ಯಾಸ ಬಲದಿಂದ ಕ್ರ್ಯಾಕ್ ಹಾಕಿರುತ್ತಾರೆ. ಆ ಕ್ರ್ಯಾಕಿನ ಜೊತೆ ಏನು ಒಳಗೆ ಬಂದಿದೆಯೋ ಯಾರಿಗೆ ಗೊತ್ತು? ಆ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯಬೇಡಿ. ಮನೆಗೆ ತಂದ ಮೇಲೆ ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡು ಹೊಸದಾಗಿ ಹಾಕುವುದು ಒಳ್ಳೆಯದು.

ಲಿನಕ್ಸ್ ಹಾಕಿದರೆ ಕನ್ನಡ ಟೈಪ್ ಮಾಡಕ್ಕಾಗುತ್ತಾ?

ಆರಾಮಾಗಿ. ಉಬುಂಟು, ಲಿನಕ್ಸ್ ಮಿಂಟ್ ಎರಡರಲ್ಲೂ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಕಗಪ ವಿನ್ಯಾಸ ಇದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಅದೇ ಸಾಕು. ವಿಂಡೋಸಿನಲ್ಲೂ ಕನ್ನಡ ಕೀಲಿಮಣೆ ಈಗ ಒಳಗೇ ಬರುತ್ತೆ.

ಸಿಕ್ಕು ಇರುವುದು ಹಳೇ ಫೈಲುಗಳಲ್ಲಿ. ಶಾಲೆಗಳಲ್ಲಿ ಇನ್ನೂ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಪ್ರಶ್ನೆಪತ್ರಿಕೆಗಳು ಓಡಾಡುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಯಂತ್ರ ಕೆಟ್ಟಿದೆ ಅಂತ ಗಾಬರಿ ಬೇಡ, ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ.

ಬ್ರೌಸರ್, ಲಿಬ್ರೆಆಫೀಸ್, ಪೈಥಾನ್, ಜಿಯೋಜೀಬ್ರಾ ಎಲ್ಲ ಲಿನಕ್ಸಿನಲ್ಲಿ ಓಡುತ್ತವೆ. ಉಬುಂಟು 24.04ಕ್ಕೆ 2029ರವರೆಗೆ ಉಚಿತ ಅಪ್‌ಡೇಟ್ ಇದೆ. ಟ್ಯಾಲಿ ಕಲಿಯುವ ಕಾಮರ್ಸ್ ಮಕ್ಕಳಿಗೆ ಮಾತ್ರ ವಿಂಡೋಸೇ ಇರಲಿ.

ವಾರಂಟಿ ಎಷ್ಟು ದಿನ ಕೇಳಬೇಕು? ಬಿಲ್ ಇಲ್ಲದೆ ಕಮ್ಮಿಗೆ ಕೊಡ್ತಾರಂತೆ.

ಬಿಲ್ ಇಲ್ಲದೆ ಉಳಿಸುವ ದುಡ್ಡು ಮೊದಲ ರಿಪೇರಿಗೇ ಹೋಗುತ್ತೆ. ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ, ಮಾಡೆಲ್, ಯಂತ್ರದ ಕೆಳಗಿರುವ ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು, ಯಾವುದಕ್ಕೆ, ಎಲ್ಲ ಬರೆಸಿ. "ಟೆಸ್ಟಿಂಗ್ ವಾರಂಟಿ" ಅಂದರೆ ಏಳೋ ಹದಿನೈದೋ ದಿನ, ಅದು ವಾರಂಟಿ ಅಲ್ಲ. ಆರು ತಿಂಗಳು ಕೇಳಿ, ಮೂರಕ್ಕಿಂತ ಕಡಿಮೆ ಒಪ್ಪಬೇಡಿ. ಬ್ಯಾಟರಿ, ಚಾರ್ಜರ್ ಸೇರಿದೆಯೇ ಅಂತ ಬಿಡಿಸಿ ಕೇಳಿ.

ಮಾತು ತಪ್ಪಿದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಹಳೇ ಸಾಮಾನಿಗೂ ಅನ್ವಯಿಸುತ್ತೆ, ಕೈಯಲ್ಲಿ ಬಿಲ್ ಇರಬೇಕು ಅಷ್ಟೇ.

ಊರು ದೂರ ಇದ್ದರೆ, ಹಾವೇರಿಯವರು ಬೆಂಗಳೂರಿಗೆ ಬಂದು ಕೊಳ್ಳುವುದಕ್ಕಿಂತ ಹುಬ್ಬಳ್ಳಿಯಲ್ಲಿ ಸಾವಿರ ಜಾಸ್ತಿ ಕೊಟ್ಟರೂ ಲಾಭವೇ. ಕೆಟ್ಟರೆ ಬಸ್ಸು ಹತ್ತಿ ಹೋಗಿ ಸಂಜೆಗೆ ಮನೆ ಸೇರಬಹುದು. ಆನ್‌ಲೈನಿನಲ್ಲಿ ಕೊಂಡರೆ ಪೆಟ್ಟಿಗೆ ತೆರೆಯುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಮೇಲಿನ ಎಲ್ಲ ಪರೀಕ್ಷೆ ಮುಗಿಸಿ.

ನಮ್ಮೂರ ಶಾಲೆಗೆ ಹತ್ತು ಕಂಪ್ಯೂಟರ್ ಕೊಡಬೇಕು ಅಂತ ಹಳೇ ವಿದ್ಯಾರ್ಥಿಗಳು ಸೇರಿದ್ದೇವೆ. ಸಲಹೆ?

ಮೊದಲು ಶಾಲೆಗೆ ಹೋಗಿ ಗೋಡೆಯ ಪ್ಲಗ್ಗು ನೋಡಿ. ಅರ್ಥಿಂಗ್ ಇದೆಯೇ? ಮಳೆಗಾಲದಲ್ಲಿ ಆ ಕೋಣೆ ಸೋರುತ್ತದೆಯೇ? ಕಿಟಕಿಗೆ ಸರಳು, ಬಾಗಿಲಿಗೆ ಬೀಗ ಇದೆಯೇ? ವೈರಿಂಗಿಗೆ, ಯುಪಿಎಸ್‌ಗೆ ಬಜೆಟ್ಟಿನಲ್ಲಿ ಕಾಲು ಭಾಗ ತೆಗೆದಿಟ್ಟು ಉಳಿದದ್ದರಲ್ಲಿ ಕಂಪ್ಯೂಟರ್ ಕೊಳ್ಳಿ. ಹತ್ತರ ಬದಲು ಎಂಟಾದರೂ ಪರವಾಗಿಲ್ಲ.

ಎಲ್ಲವೂ ಒಂದೇ ಮಾಡೆಲ್ ಇರಲಿ, ಒಂದು ಹೆಚ್ಚಿಗೆ ಇರಲಿ. ಕೆಟ್ಟಾಗ ಅದರ ಭಾಗ ಇದಕ್ಕೆ ಹಾಕಬಹುದು. ಲ್ಯಾಪ್‌ಟಾಪ್ ಬೇಡ, ಡೆಸ್ಕ್‌ಟಾಪ್ ಕೊಡಿ. ಬಿಲ್ಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೆಸರಿಗಿರಲಿ, ದಾಸ್ತಾನು ಪುಸ್ತಕದಲ್ಲಿ ಏರಿಸಲಿ. ತಂತ್ರಾಂಶಕ್ಕೆ ಕೇರಳದ ಕಡೆ ನೋಡಿ: ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈಟ್ ಅನ್ನುವ ಸರ್ಕಾರಿ ಸಂಸ್ಥೆ ಉಬುಂಟು ಆಧಾರದ ತನ್ನದೇ ವ್ಯವಸ್ಥೆಯನ್ನು ಹಂಚುತ್ತೆ. ಲೈಸೆನ್ಸ್ ಖರ್ಚಿಲ್ಲ, ವೈರಸ್ ಕಾಟ ಕಡಿಮೆ.

ಇನ್ನೊಂದು ಮಾತು, ಯಾರೂ ಬೇಜಾರು ಮಾಡಿಕೊಳ್ಳಬಾರದು. ಒಂದು ಶಾಲೆಯಲ್ಲಿ ನಾವೇ ಕೊಟ್ಟ ಕಂಪ್ಯೂಟರುಗಳಿಗೆ ಹೂವಿನ ಬಟ್ಟೆಯ ಕವರು ಹೊಲಿಸಿ ಹೊದಿಸಿದ್ದರು. ವರ್ಷ ಕಳೆದು ಹೋದರೆ ಬಟ್ಟೆಯ ಮೇಲೆ ಧೂಳು, ಒಳಗೆ ಯಂತ್ರ ಹೊಚ್ಚ ಹೊಸದು. ಮಕ್ಕಳು ಹಾಳು ಮಾಡ್ತಾರೆ ಅಂತ ಮೇಷ್ಟ್ರಿಗೆ ಭಯ. "ಕೆಟ್ಟರೆ ನಾವು ರಿಪೇರಿ ಮಾಡಿಸ್ತೀವಿ, ನಿಮ್ಮ ಮೇಲೆ ಹಾಕಲ್ಲ" ಅಂತ ಕಾಗದದಲ್ಲಿ ಬರೆದುಕೊಟ್ಟ ಮೇಲೆ ಕವರು ತೆಗೆದರು.

ಮಗುವಿಗೆ ಕೊಡುವ ಮುಂಚೆ ಏನು ಮಾಡಬೇಕು?

ಅಡ್ಮಿನ್ ಖಾತೆ ನಿಮ್ಮದಿರಲಿ, ಮಗುವಿಗೆ ಬೇರೆ ಮಾಮೂಲಿ ಖಾತೆ ಮಾಡಿ. ಸಿಕ್ಕಿದ್ದೆಲ್ಲ ಇನ್‌ಸ್ಟಾಲ್ ಮಾಡುವುದು ಅಲ್ಲಿಗೆ ಮುಕ್ಕಾಲು ನಿಲ್ಲುತ್ತೆ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು, ಅಂಗಡಿಯವರು ಹಚ್ಚುವ ಆಂಟಿವೈರಸ್ ಬೇಡ.

ಹಳೇ ಕಂಪ್ಯೂಟರ್ ಗುಜರಿಗೆ ಹಾಕಲಾ?

ಓಡುತ್ತಿದ್ದರೆ ಲಿನಕ್ಸ್ ಹಾಕಿ ಯಾರಿಗಾದರೂ ಕೊಡಿ. ಲಿನಕ್ಸ್ ಹಾಕುವ ಮುಂಚೆ ವಿಂಡೋಸ್ ರೀಸೆಟ್ ಮಾಡಿ, ಹಾಗೆ ಮಾಡುವಾಗ ಎಲ್ಲ ಅಳಿಸುವ, ಡ್ರೈವ್ ಪೂರ್ತಿ ಸ್ವಚ್ಛ ಮಾಡುವ ಆಯ್ಕೆ ಹಾಕಿ. ಸುಮ್ನೆ ಡಿಲೀಟ್ ಮಾಡಿದ ಫೋಟೊಗಳನ್ನು ಎಷ್ಟೋ ಸಲ ವಾಪಸ್ ತೆಗೆಯಬಹುದು. ಸತ್ತೇ ಹೋಗಿದ್ದರೆ ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಕೊಡಿ, ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ಇಟ್ಟುಕೊಳ್ಳಿ. ಊದಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಒತ್ತಡಕ್ಕೆ ಸಿಕ್ಕರೆ ಹೊತ್ತಿಕೊಳ್ಳುತ್ತೆ, ಪಾಪ, ಸುಡುವುದು ಕಸ ಎತ್ತುವವರ ಕೈ.